ನಿಮ್ಮ ಲೋಕದಲ್ಲೂ ಕತ್ತಲಾಗಲಿ

ಮಗಳ ಅಪ್ಪನಿಗೆ,

ಕ್ಷೇಮ ವಿಚಾರಿಸುವಷ್ಟು ಸಲುಗೆ ನಮ್ಮಿಬ್ಬರಲ್ಲಿ ಉಳಿದಿಲ್ಲ, ನೇರ ವಿಷಯಕ್ಕೆ ಬರುತ್ತೇನೆ.

ಮಗಳು ಆಡುವ ಕಂಪ್ಯೂಟರ್ ಆಟದ ಸರ್ವರ್ ನಿಮ್ಮ ಕೈಯಲ್ಲಿದೆ. ಅದರಲ್ಲಿ ನಿಮ್ಮದೊಂದು ಲೋಕ, ನನ್ನದೊಂದು ಲೋಕ, ಎರಡಕ್ಕೂ ಬೇರೆ ಬೇರೆ ಸೂರ್ಯ ಎಂದು ಮಾತಾಗಿತ್ತು. ನೀವು ನಿಮ್ಮ ಸೂರ್ಯನನ್ನು ನಡುನೆತ್ತಿಯಲ್ಲೇ ನಿಲ್ಲಿಸಿಬಿಟ್ಟಿರಿ. "ಅಪ್ಪನ ಲೋಕದಲ್ಲಿ ಕತ್ತಲೇ ಆಗಲ್ಲ, ದೆವ್ವಗಳೂ ಬರಲ್ಲ. ನಿನ್ನದ್ರಲ್ಲಿ ಮಾತ್ರ ಯಾಕಮ್ಮ?" ಎಂದು ನನ್ನನ್ನು ಕೇಳಿದಳು. ಪುಕ್ಕಟೆ ಒಳ್ಳೆಯವರಾಗುವುದು ನಿಮಗೇನೂ ಹೊಸದಲ್ಲ. ಊಟ ಮಾಡು, ಮಲಗು ಎಂದು ಗದರುವ ಕೆಲಸ ಹೇಗೂ ನನ್ನ ಪಾಲಿಗಿದೆ.

ಮೊನ್ನೆ ಅದೇನೋ ಸರಿಮಾಡಲು ಹೋಗಿ, ಸರ್ವರ್‌ಗೆ ಕೊಟ್ಟ ಆಜ್ಞೆಯಲ್ಲಿ ಯಾವ ಲೋಕಕ್ಕೆಂದು ಬರೆಯದೆ, ನನ್ನ ಸೂರ್ಯನನ್ನೂ ನಿಲ್ಲಿಸಿದಿರಿ. ಅವಳು ಎಂದಿನಂತೆ ಆಟದೊಳಗಿನ ತನ್ನ ಹಾಸಿಗೆ ಹತ್ತಿದಳು. ಹಗಲಿನಲ್ಲಿ ಮಲಗುವಂತಿಲ್ಲ ಎಂದಿತು ಆಟ.

"ಇಲ್ಲೂನಾ?" ಎಂದಳು.

ಆಗಲೇ ನನಗೆ ಗೊತ್ತಾಗಿದ್ದು. ನಿಮ್ಮ ಲೋಕದಲ್ಲೂ ಅವಳದೊಂದು ಹಾಸಿಗೆ ಇದೆಯಂತೆ. ಪ್ರತಿ ಸಲ ಹತ್ತುತ್ತಾಳೆ, ಆಟ ಇಳಿಸುತ್ತದೆ.

"ನಾನು ಅಲ್ಲಿ ಉಳ್ಕೊಳ್ಳೋದು ಅಪ್ಪಂಗೆ ಇಷ್ಟ ಇಲ್ವೇನಮ್ಮ?"

ನಿಮ್ಮ ಪರ ವಕಾಲತ್ತು ಮಾಡುವ ಗ್ರಹಚಾರ ನನಗೇ ಬಂತು. "ಹಾಗೇನಿಲ್ಲ ಪುಟ್ಟಿ, ಅಪ್ಪಂಗೆ ಮರೆತು ಹೋಗಿರುತ್ತೆ" ಎಂದೆ. ತಕ್ಷಣ ನಂಬಿದಳು.

ನನ್ನ ಲೋಕವನ್ನು ಮೊದಲಿದ್ದ ಹಾಗೆ ಮಾಡಿ, ಮತ್ತೆ ಅದರ ತಂಟೆಗೆ ಬರಬೇಡಿ. ಶನಿವಾರ ಅವಳು ನಿಮ್ಮಲ್ಲಿಗೆ ಬರುವಷ್ಟರಲ್ಲಿ ನಿಮ್ಮ ಲೋಕದಲ್ಲೂ ಕತ್ತಲಾಗಿರಲಿ. ದೆವ್ವಗಳು ಬಂದರೆ ಅವಳ ಬಾಗಿಲಿಗೆ ಅಡ್ಡ ನಿಲ್ಲಿ. ಇಷ್ಟು ದಿನ ನಾನೊಬ್ಬಳೇ ನಿಂತಿದ್ದೇನೆ.

ಇತಿ,
ಮಗಳ ಅಮ್ಮ