ಚಾಪೆ ಎತ್ತದ ಬೆಳಗು

ಉಪೋಲು, ಸಮೋವಾ
9 ಆಗಸ್ಟ್ 2014, ಶನಿವಾರ

ಪ್ರೀತಿಯ ಫಿಲೋಮೇನಕ್ಕನಿಗೆ,

ಆಕ್ಲೆಂಡಿನ ಚಳಿಯಲ್ಲಿ ನೀನೂ ಮಕ್ಕಳೂ ಬೆಚ್ಚಗಿದ್ದೀರೆಂದು ನಂಬಿದ್ದೇನೆ. ಮಂಡಿನೋವು ಹೇಗಿದೆ? ಕಾಗದ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಕೋರ್ಟು ಮುಗಿದು ವಾರವಾಯಿತು, ಫೋನಿನಲ್ಲೇ ಹೇಳಬಹುದಿತ್ತು. ಆದರೆ ಇತ್ತೀಚೆಗೆ ಆಪೆಲುವಿನ ಹೆಸರೆತ್ತಿದ ಕೂಡಲೇ ನಿನ್ನ ಫೋನಿಗೆ ಏನೋ ಆಗುತ್ತದೆ. ಲೈನು ಕಟ್ಟಾಗುತ್ತದೆ, ಒಲೆಯ ಮೇಲೆ ಏನೋ ಸೀಯುತ್ತದೆ, ಬಾಗಿಲಿಗೆ ಯಾರೋ ಬಂದಿರುತ್ತಾರೆ. ಕಾಗದ ಹಾಗಲ್ಲ. ನೀನು ನಡುವೆ ಎದ್ದು ಹೋದರೂ ವಾಪಸ್ ಬಂದಾಗ ಅಲ್ಲೇ ಕೂತಿರುತ್ತದೆ. ನಿನಗೆ ಕೊನೆಯ ಪುಟ ಮೊದಲು ಓದುವ ಚಾಳಿ. ಈ ಸಲ ಬೇಡ, ಮೊದಲಿಂದ ಓದು.

ನೇಯ್ಗೆಮನೆಯ ದಾವೆ ನಿನಗೆ ಗೊತ್ತೇ ಇದೆ. ಚಂಡಮಾರುತದಲ್ಲಿ ಅಪ್ಪನ ಮನೆಯೂ ಗಡಿಯ ದೀವಿಹಲಸಿನ ಮರವೂ ಕೊಚ್ಚಿಹೋದ ಮೇಲೆ, ಅದೇ ಅಂಗಳದಲ್ಲಿ ನಾವು ಹೆಂಗಸರು ಕಂಬ ಹೊತ್ತು ತಂದು ಕಟ್ಟಿದ ಮನೆ. ಆ ನೆಲ ತಮ್ಮದು ಅಂತ ಆಪೆಲುವಿನ ಮನೆತನ ಕೋರ್ಟಿಗೆ ಹೋಯಿತು. ಕುಣಿದವನು ಅವನ ಅಣ್ಣನ ಮಗ ಟೋಮಾಸಿ, ಕುಣಿಸಿದವನು ಯಾವನೋ ಹೋಟೆಲಿನವನು. ಸಮುದ್ರ ನೋಡುತ್ತಾ ಪ್ರವಾಸಿಗಳು ಮಲಗಲು ಅಲ್ಲಿ ಕುರ್ಚಿ ಹಾಕಬೇಕಂತೆ, ಅದಕ್ಕೆ ನಾವು ಎದ್ದು ಹೋಗಬೇಕಂತೆ. ಈ ಊರಿನ ಗಂಡಸರ ಪಟ್ಟಕ್ಕೆ, ಮದುವೆಗೆ, ಸಾವಿಗೆ, ತಪ್ಪೊಪ್ಪಿಗೆಗೆ ಬೇಕಾದ ಒಂದೊಂದು ಚಾಪೆಯೂ ಹೆಂಗಸರ ಬೆನ್ನು ಮುರಿದು ಹುಟ್ಟುತ್ತದೆ. ಆ ಚಾಪೆಯ ಮೇಲೆ ಕೂತೇ ಇವರು ಹಿರಿಯರಾಗುವುದು. ಕೂತಾದ ಮೇಲೆ ನೇಯ್ದವಳನ್ನೇ ಎಬ್ಬಿಸುವುದು!

ಊರ ಸಭೆ ರಾಜಿ ಮಾಡಿಕೋ ಅಂತು. ಅದು ಬಿಡು, ಅವರ ಚಾಳಿಯೇ ಅದು. ಆದರೆ ನೀನೂ ಅಂದೆ. "ಕೋರ್ಟಿಗೆ ಹೋಗಬೇಡ ಲೋಸಾ, ಹಳೇದೆಲ್ಲ ಕೆದಕಬೇಡ." ಜಮೀನಿನ ವ್ಯಾಜ್ಯದಲ್ಲಿ ಹಳೆಯದನ್ನು ಕೆದಕದೆ ಇನ್ನೇನು ಮಾಡುತ್ತಾರೆ? ಆಗ ನನಗೆ ಅರ್ಥವಾಗಲಿಲ್ಲ.

ನಮ್ಮ ಜಮೀನು ಕೋರ್ಟಿನಲ್ಲಿ ವಕೀಲರಿಗೆ ಜಾಗವಿಲ್ಲ, ಅವರವರ ಬಾಯಿ ಅವರವರದು. ನಮ್ಮ ಕಡೆಗೆ ನಾನು ನಿಂತೆ. ಅವರ ಕಡೆಗೆ ಟೋಮಾಸಿ ಬರುತ್ತಾನೆ ಅಂದುಕೊಂಡಿದ್ದರೆ ಬಂದವನು ಆಪೆಲು! ಆಕ್ಲೆಂಡಿನ ಮಾಂಸದ ಕಾರ್ಖಾನೆಯಲ್ಲಿ ದುಡಿದು, ಹೆಂಡತಿಯನ್ನು ಮಣ್ಣುಮಾಡಿ, ಮನೆತನದ ಪಟ್ಟ ಹೊತ್ತು ಬಂದಿದ್ದ. ಅವನ ಮುಖ ನೋಡಿ ಮೂವತ್ತಾರು ವರ್ಷವಾಗಿತ್ತು. ಹೊಟ್ಟೆ ಮೊದಲು ಬಂತು, ಹಿಂದೆ ಅವನು.

"ಚೆನ್ನಾಗಿದ್ದೀಯಾ ಲೋಸಾ?" ಎಂದ.

"ಅದನ್ನ ಜಡ್ಜ್ ಮುಂದೆ ಹೇಳ್ತೀನಿ" ಎಂದೆ.

ಅವತ್ತಿನಿಂದ ನನಗೆ ನಿದ್ದೆಯಿಲ್ಲ. ಅವನ ಪ್ರತಿ ನಡೆಯಲ್ಲೂ ಒಂದು ಗಾಳ ಕಂಡಿತು. ಹಳೇ ಅಂಗಿ ಹಾಕಿ ಬಂದ, ಕನಿಕರ ಗಿಟ್ಟಿಸಲು. ನಾನು ಮಾತಾಡುವಾಗ ಅಡ್ಡ ಬಾಯಿ ಹಾಕಲಿಲ್ಲ, ಅದು ಇನ್ನೂ ದೊಡ್ಡ ಗಾಳ. ಎರಡನೆಯ ವಿಚಾರಣೆಗೆ ಮುಂಚೆ ನೇಯ್ಗೆಮನೆಗೆ ಡಬ್ಬಿ ಮಾಂಸದ ಪೆಟ್ಟಿಗೆ ಕಳಿಸಿದ. ಲಂಚ! ಪೆಟ್ಟಿಗೆ ಈಗಲೇ ವಾಪಸ್ ಹೋಗಬೇಕು ಅಂದೆ. ನೇಯುವವರಲ್ಲೇ ಹಿರಿಯಳಾದ ಸಿವಾಯಿ ಅಜ್ಜಿ ಆಗಲೇ ಒಂದು ಡಬ್ಬಿ ತೆರೆದು, ತಲೆ ತಗ್ಗಿಸಿ ಬೆರಳು ನೆಕ್ಕುತ್ತಿದ್ದಳು.

"ಅಜ್ಜೀ, ಅದು ಶತ್ರುಗಳ ಮಾಂಸ!"

"ಅದ್ಕೇ ಕಣೇ, ಮೊದ್ಲು ಅದನ್ನೇ ಮುಗಿಸ್ತಾ ಇದೀನಿ."

ಇಂಥ ಪಡೆ ಕಟ್ಟಿಕೊಂಡು ನಾನು ಹೋರಾಡಬೇಕು ನೋಡು.

ಕೊನೆಯ ವಿಚಾರಣೆಯ ದಿನ ಆಪೆಲು ಸಾಕ್ಷಿ ಹೇಳಲು ನಿಂತ. ಟೋಮಾಸಿ ಬಾಯಿಪಾಠ ಮಾಡಿಸಿದ್ದ ವಂಶಾವಳಿಯನ್ನು ಗಿಳಿಯ ಹಾಗೆ ಒಪ್ಪಿಸಿದ. ಹಿರಿಯ ಜಡ್ಜ್ ಕನ್ನಡಕ ತೆಗೆದು, "ಕೇಳಿದ್ದು ಸಾಕು. ನೀವೇ ಆ ನೆಲದ ಮೇಲೆ ಯಾವತ್ತಾದ್ರೂ ಕೂತಿದ್ದೀರಾ?" ಎಂದರು.

"ಒಂದೇ ಸಲ, ಸ್ವಾಮಿ. ನಾನೂ ಈ ಲೋಸಾನೂ ಓಡಿಹೋಗಿ, ಇವರಪ್ಪ ಬಂದು ಇವಳನ್ನ ವಾಪಸ್ ಎಳ್ಕೊಂಡು ಬಂದ ಮಾರನೇ ಬೆಳಿಗ್ಗೆ. ತಪ್ಪಾಯ್ತು ಅಂತ ಕ್ಷಮೆ ಬೇಡಿ ಇಫೋಗಕ್ಕೆ ಕೂತೆ. ನಮ್ಮಮ್ಮ ನೇಯ್ದ ಚಾಪೆ ತಲೆ ಮೇಲೆ ಹೊದ್ದು, ಕತ್ತಲಲ್ಲೇ ಬಂದು ಕೂತೆ. ಕ್ಷಮಿಸೋದಾದ್ರೆ ಚಾಪೆ ಎತ್ತಲಿ, ಇಲ್ಲದಿದ್ರೆ ಕೊಡಲಿ ಎತ್ತಲಿ ಅಂತ. ಬಿಸಿಲು ನೆತ್ತಿಗೆ ಬಂತು. ಯಾರೂ ಎತ್ತಲಿಲ್ಲ."

ಅಕ್ಕಾ, ನಾನು ಎದ್ದು ನಿಂತು ಕಿರುಚಿದೆ. "ಸುಳ್ಳು! ಇವನು ಬರಲೇ ಇಲ್ಲ! ಹೇಳದೆ ಕೇಳದೆ ವಿಮಾನ ಹತ್ತಿದ ಹೇಡಿ!"

"ಕೂತ್ಕೊಳ್ಳಮ್ಮ" ಅಂದರು ಜಡ್ಜ್. ಆಮೇಲೆ ಅವನ ಕಡೆ ತಿರುಗಿ, "ಇಫೋಗಕ್ಕೆ ಕೂರೋರು ಯಾರ ನೆಲದಲ್ಲಿ ಕೂರ್ತಾರೆ?"

"ಯಾರಿಗೆ ತಪ್ಪು ಮಾಡಿದ್ದೀವೋ ಅವರ ನೆಲದಲ್ಲಿ, ಸ್ವಾಮಿ."

"ನೀವು ಕೂತ ಜಾಗದಲ್ಲಿ ಈಗ ಏನಿದೆ?"

"ನೇಯ್ಗೆಮನೆ."

ಟೋಮಾಸಿ ತಲೆ ಮೇಲೆ ಕೈ ಹೊತ್ತು, "ಚಿಕ್ಕಪ್ಪಾ, ಏನ್ ಹೇಳ್ತಾ ಇದೀಯ!" ಎಂದು ಗೋಳಿಟ್ಟ. ನನಗೆ ಮಾತ್ರ ಇನ್ನೂ ತಲೆಗೆ ಹತ್ತಲಿಲ್ಲ. ಮತ್ತೆ ಎದ್ದು "ಸುಳ್ಳು" ಅಂದೆ. ಜಡ್ಜ್ ನಿಟ್ಟುಸಿರು ಬಿಟ್ಟರು. "ತಾಯೀ, ಅವರು ಹೇಳೋದು ನಿಜ ಆದ್ರೆ ನೆಲ ನಿಮ್ಮದು. ಸುಳ್ಳು ಆದ್ರೆ ನೀವು ಸೋಲ್ತೀರಿ. ಯೋಚನೆ ಮಾಡಿ ಬಯ್ಯಿರಿ." ಇಡೀ ಕೋರ್ಟು ನಕ್ಕಿತು. ಸಿವಾಯಿ ಅಜ್ಜಿ ನನ್ನ ಲಂಗ ಹಿಡಿದೆಳೆದು ಕೂರಿಸಿ, "ಬಾಯಿ ಮುಚ್ಚು ಮುಂಡೇದೆ, ಗೆಲ್ತಾ ಇದೀವಿ" ಅಂದಳು.

ಜಡ್ಜ್ ಇನ್ನೊಂದು ಕೇಳಿದರು. ಯಾರೂ ಚಾಪೆ ಎತ್ತದಿದ್ದರೆ ಎದ್ದು ಹೋದದ್ದು ಯಾಕೆ? ಆಪೆಲು ನೆಲ ನೋಡಿದ. "ಮನೆಯಿಂದ ಒಬ್ಬರು ಬಂದು ಚಾಪೆಯ ಅಂಚು ಮಾತ್ರ ಸರಿಸಿದ್ರು. 'ಲೋಸಾನೇ ಹೇಳಿ ಕಳಿಸಿದಾಳೆ, ನಿನ್ನ ಮುಖ ನೋಡಲ್ಲವಂತೆ, ಹೋಗು' ಅಂದ್ರು. ಅವಳೇ ಬೇಡ ಅಂದಮೇಲೆ ಕೂತು ಏನು ಮಾಡ್ಲಿ? ಹೋದೆ." ಯಾರು ಅಂದವರು? "ಮರೆತೆ, ಸ್ವಾಮಿ" ಎಂದ.

ಅದನ್ನು ಸದ್ಯಕ್ಕೆ ಇಲ್ಲಿಗೆ ಬಿಡುತ್ತೇನೆ.

ತೀರ್ಪು ನಮ್ಮ ಕಡೆ ಆಯಿತು. ನೇಯ್ಗೆಮನೆ ಉಳಿಯಿತು. ಹೋಟೆಲಿನವನು ಬೇರೆ ಕಡಲು ಹುಡುಕಿಕೊಳ್ಳಲಿ. ಹೆಂಗಸರು ಲಾರಿಯ ಹಿಂಭಾಗದಲ್ಲಿ ನಿಂತು ಊರಿನವರೆಗೂ ಹಾಡುತ್ತಾ ಬಂದರು. ನಾನು ಹಾಡಲಿಲ್ಲ. ಗೆಲ್ಲಬೇಕಾದ ಕೇಸನ್ನು ಒಬ್ಬ ಗಂಡಸು ಬೇಕೆಂದೇ ಸೋಲುತ್ತಾನೆಯೇ? ಅದರ ಹಿಂದೆ ಇನ್ನೇನೋ ಇದೆ ಅನ್ನಿಸಿತು.

ಮಾರನೇ ದಿನ ಅವನೇ ನೇಯ್ಗೆಮನೆಗೆ ಬಂದ. ಕಂಕುಳಲ್ಲಿ ಹಳೇ ಹಾಸುಬಟ್ಟೆಯಲ್ಲಿ ಸುತ್ತಿದ ಚಾಪೆ. ಅವನನ್ನು ಮಧ್ಯದಲ್ಲಿ ಕೂರಿಸಿ, ಸುತ್ತ ಹೆಂಗಸರೆಲ್ಲ ಕೂತು ನಮ್ಮದೇ ವಿಚಾರಣೆ ನಡೆಸಿದೆವು. ಚಾಪೆ ಬಿಡಿಸಿ ನೋಡಿದೆ. ಅವರಮ್ಮನ ಕೈ. ಅಂಚು ತಿರುಗಿಸುವಾಗ ಎಡಕ್ಕೆ ಒಂದು ಎಳೆ ಹೆಚ್ಚು ಎಳೆಯುತ್ತಿದ್ದವಳು ಈ ಸೀಮೆಯಲ್ಲಿ ಅವಳೊಬ್ಬಳೇ. ಒಂದು ಮಗ್ಗುಲಿನ ಬಣ್ಣ ಬಿಸಿಲಿಗೆ ಹೋಗಿತ್ತು. ಚಾಪೆಗೆ ಯಾರೂ ಸುಳ್ಳು ಹೇಳಿಕೊಟ್ಟಿರಲಾರರು.

"ಸೋತಿದ್ದು ಯಾಕೆ?" ಕೇಳಿದೆ.

"ಪಟ್ಟ ಹೊತ್ತಿದ್ದೇ ಅದಕ್ಕೆ. ನಾನು ನಿಲ್ಲದಿದ್ರೆ ಟೋಮಾಸಿ ನಿಲ್ತಿದ್ದ. ಅವನಿಗೆ ಆ ಬೆಳಿಗ್ಗೆಯ ವಿಷಯ ಗೊತ್ತಿಲ್ಲ."

"ಈಗ ಏನು ಬೇಕು ನಿನಗೆ?"

"ಒಂದು ಲೋಟ ಕೋಕೋ."

ಸಿವಾಯಿ ಅಜ್ಜಿ ನಕ್ಕು ನಕ್ಕು ಚಾಪೆಯ ಮೇಲೇ ಉರುಳಿದಳು. ಸಕ್ಕರೆಯಿಲ್ಲದೆ ಕಪ್ಪಗೆ ಕುದಿಸಿ ಕೊಟ್ಟೆ. ಮುಖ ಕಿವುಚದೆ ಕುಡಿದ. ಅದೂ ಅನುಮಾನವೇ. ಈಗ ದಿನಾ ಬೆಳಿಗ್ಗೆ ಬರುತ್ತಾನೆ, ನೇಯ್ಗೆಮನೆಯ ಸೂರಿನ ಗರಿ ಕಟ್ಟಿಕೊಡುತ್ತಾನೆ, ಕುಡಿದು ಹೋಗುತ್ತಾನೆ. ನಾನು ಇನ್ನೂ ಪೂರ್ತಿ ನಂಬಿಲ್ಲ. ನಿನ್ನೆಯಿಂದ ಸಕ್ಕರೆ ಹಾಕುತ್ತಿದ್ದೇನೆ, ಅಷ್ಟೇ.

ಮೊಮ್ಮಕ್ಕಳಿಗೆ ನನ್ನ ಮುತ್ತು. ಅವರಿಗೆ ಯಾರೂ ಎದುರು ನಿಂತು ಬೇಡ ಅನ್ನದಿರಲಿ. ಅಂದರೂ ಅವರವರ ಬಾಯಲ್ಲೇ ಅನ್ನಲಿ. ದೇವರು ನಿನ್ನ ಮಂಡಿಗೆ ಬಲ ಕೊಡಲಿ, ಅದು ಬೇಕಾಗುತ್ತದೆ.

ನಿನ್ನ ತಂಗಿ,
ಲೋಸಾ

ತಾ.ಕ.: ಆ ದಿನ ಯಾವ ಮನೆಯ ನಾಯಿ ಬೊಗಳಿತು ಎಂಬುದೂ ಆಪೆಲುವಿಗೆ ನೆನಪಿದೆ, ನಾನೇ ಕೇಳಿ ನೋಡಿದೆ. ಚಾಪೆಯ ಅಂಚು ಸರಿಸಿದವರನ್ನು ಮಾತ್ರ ಮರೆತಿದ್ದಾನಂತೆ. ನಾನು ಮರೆತಿಲ್ಲ. ಆ ಬೆಳಿಗ್ಗೆ ಕತ್ತಲಿರುವಾಗಲೇ ನನ್ನನ್ನು ಎಬ್ಬಿಸಿ, ಕೇದಗೆ ಗರಿ ತಾ ಅಂತ ಹಿಂಬಾಗಿಲಿಂದ ಮೇಲಿನ ತೋಟಕ್ಕೆ ಕಳಿಸಿದವಳು ನೀನು. ದಾರಿಯಲ್ಲಿ ತಿನ್ನಲು ಬೇಯಿಸಿದ ಕೆಸವಿನ ಗಡ್ಡೆ ಕಟ್ಟಿಕೊಟ್ಟೆ. ಪ್ರೀತಿ ಅಂದುಕೊಂಡು ತಿಂದೆ. ಆಮೇಲೆ ನೀನೇ ನೋಡಿ ಮಾಡಿಸಿದ ಗಂಡನ ಏಟುಗಳನ್ನೂ ಹಾಗೇ ತಿಂದೆ, ಅವನನ್ನು ಹೊರಗೆ ಹಾಕುವ ತನಕ. ಅಪ್ಪ ಕ್ಷಮಿಸಲಿಲ್ಲ. ಅದು ಅಪ್ಪನ ಕೋಪ, ಅಪ್ಪನೊಂದಿಗೇ ಹೋಯಿತು. ಆದರೆ ನೀನು ನನ್ನ ಬಾಯಿ ಕದ್ದು ಮಾತಾಡಿದೆ. ಹೆಂಗಸರ ಪರವಾಗಿ ಬೇರೆ ಯಾರೂ ಮಾತಾಡಬೇಡಿ ಅಂತ ಜೀವಮಾನವಿಡೀ ಬೀದಿಯಲ್ಲಿ ಕೂಗಿದವಳು ನಾನು. ನನ್ನ ಪರವಾಗಿ ಮೊದಲು ಮಾತಾಡಿದ್ದು ಅಕ್ಕ ಅಂತ ಗೊತ್ತಿರಲಿಲ್ಲ.

ಯಾಕೆ ಅಂತ ಫೋನಿನಲ್ಲಿ ಹೇಳಬೇಡ. ಚಾಪೆ ನನ್ನ ಹತ್ತಿರ ಇದೆ, ಅಂಚು ಸರಿಮಾಡಿಟ್ಟಿದ್ದೇನೆ. ಊರಿಗೆ ಬಾ. ಅಂಗಳ ಅದೇ. ಬೆಳಕು ಹರಿಯುವ ಮೊದಲು ಬಂದು ಕೂರು. ಈ ಸಲ ನಾನು ತೋಟಕ್ಕೆ ಹೋಗಿರುವುದಿಲ್ಲ.