ಗೋಡೆಯ ಕಂಬಳಿಗಳು ನೆನೆಯುತ್ತಿವೆ

ಮಗಾ,

ಅಡುಗೆ ಒಲೆಯ ಮೇಲಿದೆ, ಬಿಸಿ ಮಾಡಿಕೊಂಡು ತಿನ್ನು. ಸಕ್ಕರೆ ಡಬ್ಬಿ ಮುಚ್ಚಿಡು, ಇರುವೆ ಬರುತ್ತವೆ.

ನಿನ್ನ ರೆಕಾರ್ಡಿಂಗ್ ಕೋಣೆಯ ಗೋಡೆಗೆ ನೇತುಹಾಕಿದ್ದ ನನ್ನ ಏಳೂ ಕಂಬಳಿ ಇಳಿಸಿ ತೊಟ್ಟಿಯಲ್ಲಿ ನೆನೆಹಾಕಿದ್ದೇನೆ. ಒಣಗಲು ನಾಲ್ಕು ದಿನವಾದರೂ ಬೇಕು. ಇವತ್ತು ಮಧ್ಯಾಹ್ನ ಡ್ರಮ್ಮಿನವನು, ಗಿಟಾರಿನವಳು ಬರುತ್ತಾರೆಂದು ಗೊತ್ತು. ಬೋಳು ಗೋಡೆಯಿದ್ದರೆ ಹಾಡು ಬಾವಿಯೊಳಗೆ ಕೂಗಿದ ಹಾಗೆ ಕೇಳಿಸುತ್ತದೆ ಎಂದೂ ಗೊತ್ತು. ನೀನೇ ಹೇಳಿಕೊಟ್ಟದ್ದು.

ಮೂರು ವರ್ಷ ನೀನು "ಅಜ್ಜೀ, ರೆಕಾರ್ಡಿಂಗು!" ಎಂದಾಗಲೆಲ್ಲ ಫ್ಯಾನ್ ನಿಲ್ಲಿಸಿದೆ, ಕುಕ್ಕರ್ ಇಳಿಸಿದೆ, ಕೆಮ್ಮು ಬಂದರೆ ಬಾಯಿಗೆ ದಿಂಬು ಒತ್ತಿಕೊಂಡೆ. ಹೋದ ಸಲ ಹಾಡಿನ ಶುರುವಿಗೆ ಒಂದು ಗುನುಗು ಬೇಕೆಂದು ನೀನು ಗೋಗರೆದಾಗ, ಈ ಮಂಡಿ ನೋವಿನಲ್ಲಿ ನಿಂತುಕೊಂಡೇ ಹದಿನೇಳು ಸಲ ಗುನುಗಿದೆ.

ಮೊನ್ನೆ ದರ್ಜಿಯ ಅಂಗಡಿಯ ರೇಡಿಯೊದಲ್ಲಿ ಆ ಹಾಡು ಬಂತು. "ಇದು ನನ್ನ ದನಿ ಕಣಪ್ಪಾ" ಎಂದು ದರ್ಜಿಗೆ ಆಗಷ್ಟೇ ಹೇಳಿದ್ದೆ. ಹಾಡು ಮುಗಿದ ಮೇಲೆ ರೇಡಿಯೊದವರು ನಿನ್ನನ್ನು ಮಾತಾಡಿಸಿ, ಆ ಗುನುಗು ಯಾರದು ಎಂದು ಕೇಳಿದರು. ನೀನು ನಕ್ಕು, "ಅಯ್ಯೋ, ಯಾರೋ ಮುದುಕಿ, ಬೀದೀಲಿ ಸಿಕ್ಕಿದ್ಲು" ಅಂದೆ. ದರ್ಜಿ ತಲೆ ಎತ್ತದೆ ಹೊಲಿಯುತ್ತಲೇ ಇದ್ದ. ನಾನು ರವಿಕೆ ತೆಗೆದುಕೊಂಡು ಮನೆಗೆ ಬಂದೆ.

ನನ್ನ ತಂಗಿಯ ಮನೆಗೆ ಹೋಗುತ್ತಿದ್ದೇನೆ. ಫೋನ್ ಮಾಡಬೇಡ, ಎತ್ತುವುದಿಲ್ಲ.

ಇವತ್ತಿನ ಹಾಡಿಗೂ ಗುನುಗು ಬೇಕು ಅಂದಿದ್ದೆಯಲ್ಲ? ಬೀದಿಗೆ ಹೋಗಿ ನೋಡು. ಯಾರೋ ಮುದುಕಿ ಸಿಕ್ಕುತ್ತಾಳೆ.

ಅಜ್ಜಿ