ಫೋನಿನೊಳಗಿನ ಎಂಟು ಕಾಲಿನ ಹುಳ

ಗುಂಡ್ಲುಪೇಟೆ
೧೯-೧೦-೧೯೯೭, ಭಾನುವಾರ

ಪ್ರೀತಿಯ ಮಾದೇಶಣ್ಣನಿಗೆ,

ನಿನ್ನ ತಂಗಿ ಮೀನಾಳ ನಮಸ್ಕಾರ. ಕಲ್ಪೆಟ್ಟದ ಚಳಿಗೆ ನಿನ್ನ ಕೆಮ್ಮು ಹೇಗಿದೆ? ಶುಂಠಿ ವ್ಯಾಪಾರಿಯೇ ಕೆಮ್ಮುತ್ತ ಕೂತರೆ ಅಂಗಡಿಗೇ ಅವಮಾನ. ಅವ್ವನ ಮಂಡಿನೋವು ಹಾಗೇ ಇದೆ. ನಾನು ವಾರವೆಲ್ಲ ಚಾಮರಾಜನಗರದ ಕಾಲೇಜಿನಲ್ಲಿ ಭೌತಶಾಸ್ತ್ರ ಬೋಧಿಸಿ, ಶನಿವಾರ ಸಂಜೆ ಅವ್ವನ ಹತ್ತಿರ ಬರುತ್ತೇನೆ. ಚಾಮರಾಜನಗರ ಈಗ ಜಿಲ್ಲೆ. ಬೋರ್ಡುಗಳೆಲ್ಲ ಹೊಸವು, ಬಸ್ಸು ಮಾತ್ರ ಇನ್ನೂ ತಾಲ್ಲೂಕು ಮಟ್ಟದ್ದೇ.

ದೊಡ್ಡ ಸುದ್ದಿಯೆಂದರೆ ನೀನು ತಂದುಕೊಟ್ಟ ಫಾರಿನ್ ಫೋನಿನದು. ಯುಗಾದಿಯ ಮಾರನೆಯ ದಿನವೇ ಸಿಡಿಲು ಹೊಡೆದು, ನಮ್ಮ ಪಾಲಿಗೆ ಬೇವು ಉಳಿಯಿತು, ಬೆಲ್ಲು ಹೋಯಿತು. ಎತ್ತಿದರೆ ಮಾತು ಕೇಳುತ್ತಿತ್ತು, ಬೆಲ್ಲು ಮಾತ್ರ ಆಗುತ್ತಿರಲಿಲ್ಲ. ಟೆಲಿಫೋನ್ ಇಲಾಖೆ ಕೊಟ್ಟಿದ್ದ ಫೋನನ್ನೇ ಮತ್ತೆ ಇಡೋಣವೆಂದರೆ ಅವ್ವ ಒಪ್ಪಲಿಲ್ಲ. "ನನ್ ಮೊಗ ತಂದಿರೋದು ಕಣಮ್ಮಿ, ಅದ ತಗ್ದು ಯಾರ್ದೋ ಮಡಗದಾ?" ಅಂದಳು. ಮಗ ಯಾಕೆ ಫೋನ್ ಮಾಡುವುದಿಲ್ಲ ಎಂದು ಯಾರು ಕೇಳಿದರೂ ಉತ್ತರ ಸಿದ್ಧ: "ಅವ್ನು ಮಾಡ್ತಾನೇ ಅವ್ನೆ. ಇದು ಬಡ್ಕೊಳಾಕಿಲ್ಲ, ಅಷ್ಟೇಯ." ಭಾನುವಾರ ಉಂಡಾದ ಮೇಲೆ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡು, ಅದರ ಗುಂಯ್ ಸದ್ದಿಗೇ "ಉಂಡ್ಯಾ ಮೊಗಾ?" ಎಂದು ಕೇಳುತ್ತಿದ್ದಳು. ಹಾಗೆ ಎತ್ತಿ ಹಿಡಿದುಕೊಂಡರೆ ಬರುವ ಕರೆಯೂ ಬರುವುದಿಲ್ಲವೆಂದು ವಿವರಿಸಿದೆ. ಭೌತಶಾಸ್ತ್ರ ಸೋತಿತು.

ನೋಡಲಾರದೆ ರಿಪೇರಿಗೆ ಕೂತೆ. ಸುಟ್ಟಿದ್ದದ್ದು ಬೆಲ್ಲು ಬಾರಿಸುವ ಐಸಿ, ಅಂದರೆ ಕರಿಯ ಚಿಪ್ಪು. ಸರ್ಕ್ಯೂಟ್ ಬೋರ್ಡಿಗೆ ಬೆಸೆದುಕೊಂಡು ಕೂತ ಎಂಟು ಕಾಲಿನ ಹುಳ. ಎಂಟು ಕಾಲಿದ್ದೂ ಒಂದು ಕಾಲ್ ಬರಲಿಲ್ಲ ನೋಡು! ಕೂತದ್ದೋ, ದಪ್ಪ ಕೆಪಾಸಿಟರಿಗೂ ನಂಬರ್ ಒತ್ತುವ ಗುಂಡಿಗಳ ಹಲಗೆಗೂ ನಡುವಿನ ಸಂದಿಯಲ್ಲಿ. ಕಾಲೇಜಿನ ಲ್ಯಾಬಿನಿಂದ ಸೋಲ್ಡರಿಂಗ್ ಐರನ್ ತಂದಿದ್ದೆ. ಒಂದು ಕಾಲಿನ ಬೆಸುಗೆ ಕರಗಿಸಿ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದು ಮತ್ತೆ ಗಟ್ಟಿ. ಥೇಟ್ ಮದುವೆಮನೆಯ ನೆಂಟರು, ಒಬ್ಬರನ್ನು ಒಲಿಸುವಷ್ಟರಲ್ಲಿ ಇನ್ನೊಬ್ಬರ ಮುನಿಸು. ಕೊನೆಗೆ, ಸತ್ತ ಹುಳಕ್ಕೆ ಎಂಥ ಮರ್ಯಾದೆ ಎಂದುಕೊಂಡು ಕೆಪಾಸಿಟರನ್ನು ಪಕ್ಕಕ್ಕೆ ಬಾಗಿಸಿ, ನೇಲ್ ಕಟರ್ ತೂರಿಸಿ, ಕಾಲುಗಳನ್ನೆಲ್ಲ ಕತ್ತರಿಸಿ ಮೈಯನ್ನು ಎತ್ತಿ ಬಿಸಾಕಿದೆ. ಉಳಿದ ಕಾಲುಗಳನ್ನು ಒಂದೊಂದಾಗಿ ಕಾಯಿಸಿ ಚಿಮಟದಲ್ಲಿ ಕಿತ್ತೆ. ತೂತುಗಳಲ್ಲಿ ಸಿಕ್ಕಿಕೊಂಡ ಸೀಸವನ್ನು ಹಳೆಯ ವೈರಿನ ತಾಮ್ರದ ಎಳೆ ಒತ್ತಿ ಹೀರಿಸಿದೆ. ಅವ್ವ ಪಕ್ಕದಲ್ಲೇ ಕೂತು "ನಿಧಾನ ಕಣಮ್ಮಿ, ನೋವಾದಾತು" ಅನ್ನುತ್ತಿದ್ದಳು. ಹುಳಕ್ಕೋ ನಿನಗೋ, ನಾನು ಕೇಳಲಿಲ್ಲ.

ಮೈಸೂರಿನಿಂದ ತರಿಸಿದ ಹೊಸ ಐಸಿ ಕೂರಿಸಿದ ಮೇಲೆ ಬೆಲ್ಲು ಆಯಿತು! ಅವ್ವ ಮುದ್ದೆ ಮೆತ್ತಿದ ಕೈಯಲ್ಲೇ, ಮಂಡಿಯನ್ನೂ ಮರೆತು ಓಡಿದಳು. ರಾಂಗ್ ನಂಬರ್, ಯಾರೋ ಅಕ್ಕಿ ಗಿರಣಿಯನ್ನು ಕೇಳಿದರು. ಆಮೇಲೆ ಬದನಗುಪ್ಪೆಯಿಂದ ಗುರುಸ್ವಾಮಿ ಮಾವ, ಹರವೆಯಿಂದ ಚಿಕ್ಕವ್ವ. ಪ್ರತಿಸಲವೂ ಓಡಿದಳು, ಪ್ರತಿಸಲವೂ "ಅಲೋ, ಮಾದೇಸಾ?" ಎಂದೇ ಶುರು ಮಾಡಿದಳು. ಮಾವನಿಗೆ ಸ್ವಲ್ಪ ಬೇಜಾರೇ ಆಯಿತಂತೆ. ಹೋದ ಭಾನುವಾರ ಊಟಕ್ಕೂ ಏಳದೆ ಅದರ ಮುಂದೆಯೇ ಕೂತಿದ್ದಳು. ಬೆಲ್ಲು ಆಗಲಿಲ್ಲ. ನಿನ್ನ ಅಂಗಡಿಯಲ್ಲಿ ಫೋನಿದೆ. ನಿನ್ನ ಕೈಯಲ್ಲಿ ಬೆರಳುಗಳೂ ಇವೆಯೆಂದು ನಂಬಿದ್ದೇನೆ. ಶುಂಠಿ ಮಾರುವ ನೀನು ಶುಂಠನಲ್ಲ, ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ.

ಕೆಮ್ಮಿಗೆ ಔಷಧಿ ತಗೊ. ಅವ್ವನ ಆಶೀರ್ವಾದ ನಿನಗೆ ಕೇಳದೆಯೇ ಸಿಗುತ್ತದೆ. ನನ್ನ ವಿಶ್ವಾಸವನ್ನು ಮಾತ್ರ ಇನ್ನು ಮೇಲೆ ಖುದ್ದಾಗಿ ಬಂದು ಪಡೆಯತಕ್ಕದ್ದು.

ನಿನ್ನ ತಂಗಿ,
ಮೀನಾ

ವಿ.ಸೂ.: ಲಕೋಟೆ ಅಂಟಿಸುವ ಹೊತ್ತಿಗೆ ಅವ್ವ ಬಂದು, "ಮೀನಾ, ಆ ಹುಳವ ಮತ್ತೆ ಕಿತ್ತಾಕ್ಬುಡು" ಅಂದಳು. ಯಾಕವ್ವ ಎಂದರೆ, "ಅದು ಸತ್ತಿದ್ದಾಗ ನನ್ ಮೊಗ ಪೋನ್ ಮಾಡ್ತಿದ್ದ ಕಣಮ್ಮಿ" ಅಂದಳು. ಕಿತ್ತೆ. ಈಗ ಜಗಲಿಯಲ್ಲಿ ಪಕ್ಕದ ಮನೆಯ ಸೋಮಮ್ಮನಿಗೆ ಹೇಳುತ್ತಿದ್ದಾಳೆ: "ನಮ್ಮುಡುಗಿ ರಿಪೇರಿ ಮಾಡ್ತೀನಿ ಅಂತ ಕೂತ್ಕಂಡು ಪೋನ್ನ ಪೂರ್ತಿ ಕೆಡಿಸ್ಬುಟ್ಲು ಕಣಕ್ಕ. ಇಲ್ದಿದ್ರೆ ಮಾದೇಸ ದಿನಾ ಮಾತಾಡೋನು." ಸೋಮಮ್ಮ ಕಿಟಕಿಯಲ್ಲಿ ಇಣುಕಿ, "ನಿಜವಾ ಮೀನಾ?" ಎಂದು ಕೇಳಿದಳು. ಹೌದು ಅಂದೆ.